ಪೊರೆ ಹೋದ ವರ್ಷ

ಈರುಳ್ಳಿಯನ್ನು ಎರಡು ಹೋಳು ಮಾಡಿ ಬಿಡಿಸುವಾಗ, ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ಗಾಜಿನಂಥ ತೆಳು ಸಿಪ್ಪೆಯೊಂದು ಸಿಗುತ್ತದೆ. ಅದು ಪಲ್ಯಕ್ಕೂ ಬೇಡ, ಕಸಕ್ಕೂ ಲೆಕ್ಕವಿಲ್ಲ. ಬೆರಳಿಗೆ ಅಂಟಿಕೊಂಡರೆ ಮಾತ್ರ ಸುಲಭಕ್ಕೆ ಬಿಡುವುದಿಲ್ಲ. ಮೊನ್ನೆ ಅಡುಗೆಮನೆಯಲ್ಲಿ ಅದನ್ನು ಹರಿಯದಂತೆ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದೆ. ಸೊಸೆ ಬಂದು ನೋಡಿ, "ಏನತ್ತೆ ಅದು? ಸಾರು ಸೀದು ಹೋಗ್ತಾ ಐತೆ" ಎಂದಳು. ಸೀದರೆ ಸೀಯಲಿ ಎನ್ನುವಷ್ಟು ಸಿಟ್ಟು ಬಂತು. ಅವಳ ಮೇಲಲ್ಲ, ಸಾರಿನ ಮೇಲೆ. ಆ ಸಿಪ್ಪೆ ಕೈಗೆ ಸಿಕ್ಕಾಗಲೆಲ್ಲ ನನಗೆ ಆ ಒಂದು ವರ್ಷ ನೆನಪಾಗುತ್ತದೆ.

ನಮ್ಮ ಚಾಮರಾಜನಗರ ಜಿಲ್ಲೆ ಮೈಸೂರಿನಿಂದ ಬೇರೆಯಾದ ಮಾರನೆಯ ವರ್ಷದ ಮಾತಿದು. ಉಡಿಗಾಲದಿಂದ ಮದುವೆಯಾಗಿ ಬೇಗೂರಿಗೆ ಬಂದ ನನಗೆ ಆಗ ಮೂರು ವರ್ಷದ ಮಗನಿದ್ದ. ಹೆದ್ದಾರಿಯ ಪಕ್ಕದಲ್ಲೇ ಮನೆ. ನಮ್ಮ ಯಜಮಾನರು, ಅಂದರೆ ಮಾದೇವ, ಗುಂಡ್ಲುಪೇಟೆಯ ಮಂಡಿಯಿಂದ ಈರುಳ್ಳಿ, ತರಕಾರಿ ತುಂಬಿಕೊಂಡು ಬಂಡೀಪುರದ ಕಾಡು ದಾಟಿ ಕೇರಳಕ್ಕೆ ಲಾರಿ ಹೊಡೆಯುತ್ತಿದ್ದರು. ಅವರ ಕಿವಿ ಎಂಥದ್ದೆಂದರೆ, ಒಳಗೆ ಊಟಕ್ಕೆ ಕೂತವರು ರಸ್ತೆಯಲ್ಲಿ ಹೋಗುವ ಲಾರಿಯ ಸದ್ದು ಕೇಳಿಯೇ ಅದು ಯಾರದು, ಯಾವ ಬಣ್ಣದ್ದು, ಲೋಡಿದೆಯೋ ಖಾಲಿಯೋ ಎಲ್ಲ ಹೇಳುತ್ತಿದ್ದರು. ಆಗ ಅದನ್ನು ಕೇಳಿ ನಗುತ್ತಿದ್ದೆ. ಮುಂದೆ ಅದೇ ಕಿವಿ ನನ್ನ ನಿದ್ದೆ ಕೆಡಿಸಿತು.

ಹಿಂದಿನ ವರ್ಷ ಮಂಡಿಯಲ್ಲಿ ಲೋಡಿಗೆ ಹಗ್ಗ ಬಿಗಿಯುತ್ತಿದ್ದಾಗ ಹಗ್ಗ ಕಿತ್ತುಕೊಂಡು ಬಂದು ಗಂಟು ಅವರ ಬಲಗಣ್ಣಿಗೆ ಹೊಡೆಯಿತು. ನಮ್ಮತ್ತೆ ನಂದಿಬಟ್ಟಲು ಹೂವನ್ನು ನೀರಲ್ಲಿ ನೆನೆಹಾಕಿ ಆ ನೀರನ್ನು ಕಣ್ಣಿಗೆ ಬಿಟ್ಟರು. ತಂಪಾಗುವುದಿರಲಿ, ಕಣ್ಣು ಕೀವು ಕಟ್ಟಿ ಊದಿಕೊಂಡಿತು. ಆಸ್ಪತ್ರೆಗೆ ಹೋಗಿ ಕೀವು ವಾಸಿಯಾಗುವಷ್ಟರಲ್ಲಿ ಕರಿಗುಡ್ಡೆಯ ಮೇಲೆ ಬಿಳಿ ಕಲೆ ಕೂತಿತ್ತು. ನಮ್ಮ ಕಡೆ ಅದಕ್ಕೆ ಹೂ ಬಿದ್ದಿದೆ ಎನ್ನುತ್ತಾರೆ. ಅಷ್ಟು ಕೆಟ್ಟದ್ದಕ್ಕೆ ಅಷ್ಟು ಚೆಂದದ ಹೆಸರನ್ನು ಯಾವ ಪುಣ್ಯಾತ್ಮ ಇಟ್ಟನೋ ತಿಳಿಯದು. ಒಂಟಿ ಕಣ್ಣಿನವನ ಕೈಗೆ ಘಾಟಿ ಇಳಿಸುವ ಲಾರಿ ಕೊಡಲು ಯಾವ ಮಾಲೀಕರೂ ಒಪ್ಪಲಿಲ್ಲ. ಅವರನ್ನು ತಪ್ಪು ಎನ್ನಲಾರೆ. ಆದರೆ ಹದಿನೆಂಟಕ್ಕೇ ಸ್ಟೇರಿಂಗ್ ಹಿಡಿದಿದ್ದ ಮನುಷ್ಯ ನಮ್ಮನೆ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಇನ್ನೊಬ್ಬರ ಲಾರಿ ನೋಡುವಂತಾಯಿತು. ಮಾತು ಕಡಿಮೆಯಾಯಿತು. ಊಟದ ತಟ್ಟೆಯನ್ನು ಅರ್ಧಕ್ಕೇ ಸರಿಸುವುದು ಶುರುವಾಯಿತು. ಕಣ್ಣು ಬರದಿದ್ದರೆ ಈ ಮನುಷ್ಯ ನಮ್ಮ ಕೈ ತಪ್ಪಿಹೋಗುತ್ತಾರೆ ಎಂಬ ಭಯ ನನಗೆ ಹಗಲೂ ಇರುತ್ತಿತ್ತು.

ಚಾಮರಾಜನಗರದ ಅಂಗಡಿ ಬೀದಿಯಲ್ಲಿ ಒಂದು ಮಹಡಿಯ ಮೇಲೆ ಗುರುವಾರ ಗುರುವಾರ ಮೈಸೂರಿನ ಕಣ್ಣಿನ ಡಾಕ್ಟರೊಬ್ಬರು ಬರುತ್ತಾರೆಂದು ತಿಳಿದು, ನಾನು, ಅವರು, ಮಾವ ಮೂವರೂ ಹೋದೆವು. ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ಮುಖದಲ್ಲಿ ದರ್ಪವಿರಲಿಲ್ಲ. ಕಣ್ಣನ್ನು ತುಂಬ ಹೊತ್ತು ಪರೀಕ್ಷಿಸಿ, ಒಂದೂ ಇಂಗ್ಲಿಷ್ ಮಾತು ಬಾರದ ಹಾಗೆ ಜೋಪಾನವಾಗಿ ವಿವರಿಸಿದರು.

"ನೋಡಿ, ಕಣ್ಣಿನ ಮುಂದಿನ ಗಾಜಿನಂಥ ಭಾಗದಲ್ಲಿ ಕಲೆ ಇದೆ. ಇಷ್ಟು ದಿನ ಆ ಭಾಗ ಪೂರ್ತಿ ತೆಗೆದು, ತೀರಿಕೊಂಡವರ ಕಣ್ಣಿಂದ ತಂದದ್ದನ್ನ ಹೊಲೀತಿದ್ವಿ. ಈಗ ಹೊಸ ವಿಧಾನ ಬಂದಿದೆ. ಕಲೆ ಇರೋ ಮೇಲಿನ ಪದರ ಮಾತ್ರ ಬಿಡಿಸಿ, ಅಲ್ಲಿಗೆ ತಂದ ಕಣ್ಣಿನ ಪದರ ಹೊಲಿದು, ಒಳಗಿನ ಪೊರೆ ಹಾಗೇ ಉಳಿಸೋದು. ಅದು ಉಳಿದ್ರೆ ಕಣ್ಣಿಗೆ ಬಾಳಿಕೆ ಜಾಸ್ತಿ. ಆದ್ರೆ ನಾನು ಇದನ್ನ ಕಲಿತು ಬಂದು ತುಂಬ ದಿನ ಆಗಿಲ್ಲ. ಪೊರೆ ಹರಿದ್ರೆ ಹಳೇ ವಿಧಾನಕ್ಕೇ ಹೋಗ್ಬೇಕಾಗುತ್ತೆ. ಯೋಚನೆ ಮಾಡಿ ಹೇಳಿ."

ಇಂಗ್ಲಿಷಿನಲ್ಲಿ ಹೇಳಿದ್ದರೆ ನಮಗೆ ಏನೂ ತಿಳಿಯದೆ ಸುಮ್ಮನೆ ತಲೆಯಾಡಿಸುತ್ತಿದ್ದೆವು. ಕನ್ನಡದಲ್ಲಿ ಹೇಳಿದ್ದರಿಂದ ಎಲ್ಲವೂ ತಿಳಿಯಿತು, ತಪ್ಪಾಗಿ.

ಏಕೆಂದರೆ ಪೊರೆ ಎಂದರೆ ಏನೆಂದು ನಮ್ಮ ಮಾವನನ್ನು ಕೇಳಬೇಕು. ಅದಕ್ಕೂ ಮುಂಚೆ ಗುಂಡ್ಲುಪೇಟೆಯಲ್ಲಿ ನಡೆದ ಕಣ್ಣಿನ ಶಿಬಿರದಲ್ಲಿ ಅವರಿಗೆ ಪೊರೆ ತೆಗೆದಿದ್ದರು. ಪೊರೆ ಹೋಯಿತು, ಕಣ್ಣು ಬಂತು. ದಪ್ಪ ಕನ್ನಡಕ ಏರಿಸಿಕೊಂಡು ಊರಿಗೆ ಬಂದ ದಿನದಿಂದ ಕಣ್ಣಿನ ವಿಷಯದಲ್ಲಿ ಬೇಗೂರಿಗೆಲ್ಲ ಅವರೇ ಡಾಕ್ಟರು. ಮಹಡಿ ಇಳಿದು ಬಸ್ ಸ್ಟ್ಯಾಂಡಿಗೆ ಬಂದಿದ್ದೇ ತಡ, ಶುರುವಿಟ್ಟುಕೊಂಡರು.

"ಕೇಳುಸ್ಕಂಡ್ಯಾ ಮಾದೇವ? ಪೊರೆನ ಒಳ್ಗೇ ಬುಡ್ತಾಳಂತೆ. ಪೊರೆ ಬುಟ್ಬುಟ್ಟು ಇನ್ನೇನ್ ಆಪ್ರೇಸನ್ನು ಅದು?"

"ಅರಿದ್ರೆ ಅಳೇ ತರ ಮಾಡ್ತೀನಿ ಅಂದ್ರಲ್ಲಪ್ಪ" ಎಂದರು ಇವರು.

"ಅದೇ ಕಣ್ಲಾ ನಾ ಏಳದು. ಆಯಮ್ಮ ಇನ್ನೂ ಕಲೀತಾ ಅವ್ಳೆ. ಪೂರಾ ತಗ್ಯಕೆ ಕೈ ಬರಕಿಲ್ಲ, ಅದ್ಕೆ ಒಸಿ ಉಳ್ಸ್‌ತೀನಿ ಅಂತಾಳೆ. ಅರಿದೋದ್ರೆ ನಮ್ ಪುಣ್ಯ."

ನನಗೂ ಹಾಗೇ ಅನ್ನಿಸಿತು. ಎಸ್‌ಎಸ್‌ಎಲ್‌ಸಿ ಪಾಸಾದ ಹೆಂಗಸು ನಾನು, ಆದರೂ ಪೊರೆ ಎಂದರೆ ತೆಗೆಯಬೇಕಾದದ್ದು ಎಂದಷ್ಟೇ ಗೊತ್ತಿತ್ತು. "ಮೇಲೋಗಿ ಒಂದ್ಸಲ ಕೇಳ್ಬುಟ್ಟು ಬರ್ಲಾ ಮಾವ?" ಎಂದೆ.

"ಬ್ಯಾಡ ಕಣವ್ವ. ಡಾಕ್ಟ್ರುನ್ನ ಅನುಮಾನ ಪಟ್ಟು ಕೇಳುದ್ರೆ ಅವ್ರ ಕೈ ನಡುಗ್ತದೆ. ನಡುಗೋ ಕೈ ನಮ್ ಕಣ್ಗೇ ತಾನೆ ಬರದು?"

ಮುಂದಿನ ಗುರುವಾರ ಹೋಗಿ, ಹರಿದರೆ ಹಳೇ ವಿಧಾನವೇ ಆಗುತ್ತದಲ್ಲ ಎಂದುಕೊಂಡು ಒಪ್ಪಿಗೆ ಕೊಟ್ಟು ಬಂದೆವು.

ಆಮೇಲಿನದು ಕಾಯುವ ಕೆಲಸ. ಕಣ್ಣು ಸಿಕ್ಕಿದ ದಿನ ಫೋನ್ ಮಾಡುತ್ತೇವೆ, ಕೂಡಲೇ ಹೊರಟು ಬರಬೇಕು ಎಂದಿದ್ದರು. ಫೋನು ಇದ್ದದ್ದು ನಮ್ಮನೆಯಿಂದ ನಾಲ್ಕು ಅಂಗಡಿ ಆಚೆ, ಎಸ್‌ಟಿಡಿ ಬೂತಿನಲ್ಲಿ. ಆ ಬೇಸಿಗೆ ಪೂರ್ತಿ ನಾನು ತವರಿಗೂ ಹೋಗಲಿಲ್ಲ. ಬಟ್ಟೆ ಒಗೆಯುವಾಗಲೂ ಕಿವಿ ಬೂತಿನ ಕಡೆಗೇ. ಒಮ್ಮೊಮ್ಮೆ, ನಾನು ಕಾಯುತ್ತಿರುವುದಾದರೂ ಏನನ್ನು ಎಂದು ಹೊಳೆದು ಮೈ ಜುಮ್ಮೆನ್ನುತ್ತಿತ್ತು. ಮೈಸೂರಿನಲ್ಲೆಲ್ಲೋ ಯಾರದೋ ಮನೆಯಲ್ಲಿ ಅಳು ಹುಟ್ಟಬೇಕು, ಆಗ ನಮ್ಮ ಮನೆಗೆ ಫೋನು ಬರಬೇಕು. ದೇವರ ಮುಂದೆ ಕೈಮುಗಿದಾಗ ಬೇಗ ಸಿಗಲಿ ಎಂದು ಕೇಳಿಕೊಳ್ಳಲು ಬಾಯಿ ಬರುತ್ತಿರಲಿಲ್ಲ. ಸುಮ್ಮನೆ ನಿಂತು ಬರುತ್ತಿದ್ದೆ.

ಮೊದಲ ಮಳೆ ಬಿದ್ದು ಜನ ಸೂರ್ಯಕಾಂತಿ ಬಿತ್ತನೆಗೆ ಹೊಲ ಹಸನು ಮಾಡುತ್ತಿದ್ದಾಗ ಫೋನು ಬಂತು. ಮಗನನ್ನು ಅತ್ತೆಯ ಕೈಗೆ ಕೊಟ್ಟು, ಮೈಸೂರಿಗೆ ಸಿಕ್ಕಿದ ಬಸ್ ಹತ್ತಿದೆವು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಮಾವ ಟವೆಲು ಹಾಸಿ ಕೂತು ಗಟ್ಟಿಯಾಗಿಯೇ ಹರಕೆ ಹೇಳಿಕೊಂಡರು. "ಮಾದಪ್ಪಾ, ನಿನ್ ಎಸ್ರೇ ಮಡ್ಗಿವ್ನಿ ಮಗ್ನಿಗೆ. ಪೊರೆ ಒಂದ್ ಉಳೀದಂಗೆ ಮಾಡ್ಬುಡಪ್ಪ. ಬೆಟ್ಟಕ್ ಬಂದು ಮುಡಿ ಕೊಡ್ತೀನಿ." ನಾನೂ ಕಣ್ಣು ಮುಚ್ಚಿ ಅದನ್ನೇ ಬೇಡಿಕೊಂಡೆ. ಬಾಗಿಲಿನ ಒಳಗೆ ಆ ಹೆಣ್ಣುಮಗಳು ದೀಪದ ಕೆಳಗೆ ಬಗ್ಗಿ, ಅದೇ ಪೊರೆ ಉಳಿಯಲಿ ಎಂದು ಉಸಿರು ಬಿಗಿಹಿಡಿದು ಕೆಲಸ ಮಾಡುತ್ತಿದ್ದರು. ಹೊರಗೆ ನಾವು, ಅದು ಉಳಿಯದಿರಲಿ ಎಂದು ದೇವರಿಗೆ ದುಂಬಾಲು ಬಿದ್ದಿದ್ದೆವು. ಈಗ ನೆನೆದರೆ ನಗು ಬರುತ್ತದೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ನಮ್ಮ ಹರಕೆಯೇ ಗೆದ್ದಿತು.

ಹೇಳಿದ್ದಕ್ಕಿಂತ ಬಹಳ ತಡವಾಗಿ ಡಾಕ್ಟರು ಹೊರಗೆ ಬಂದರು. ಮುಖ ಬಾಡಿಹೋಗಿತ್ತು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಹೇಳಿದರು, "ಒಳಗಿನ ಪೊರೆ ಉಳಿಸೋಕೆ ಆಗಲಿಲ್ಲ. ಕೊನೇ ಹಂತದಲ್ಲಿ ನನ್ನ ಕೈಯಲ್ಲೇ ಹರಿದುಹೋಯ್ತು. ಹಳೇ ರೀತೀಲಿ ಪೂರ್ತಿ ಬದಲಾಯಿಸಿ ಹೊಲಿಗೆ ಹಾಕಿದೀನಿ."

ಮಾವ ಎದ್ದು ನಿಂತು ಎರಡೂ ಕೈ ಜೋಡಿಸಿದರು. "ಒಳ್ಳೇದೇ ಆಯ್ತು ಬುಡಿ ತಾಯಿ. ಓದ್ರೆ ಓಯ್ತು. ನಿಮ್ ಕೈ ತಣ್ಗಿರ್ಲಿ."

ಡಾಕ್ಟರ ಕಣ್ಣು ತುಂಬಿಕೊಂಡಿತು. ಇಷ್ಟು ಸಣ್ಣ ಮಾತಿಗೆ ಡಾಕ್ಟರು ಅಳುತ್ತಾರಲ್ಲ, ಎಷ್ಟು ಒಳ್ಳೆಯವರು ಎಂದುಕೊಂಡೆ ನಾನು. ಆಮೇಲೆ ಅವರು ನನ್ನನ್ನು ಪಕ್ಕಕ್ಕೆ ಕರೆದು, ಕಣ್ಣು ಕೆಂಪಾದರೆ, ನೀರು ಸುರಿದರೆ, ಮಂಜು ಕವಿದರೆ ಅದೇ ದಿನ ಬರಬೇಕು, ಒಂದು ದಿನವೂ ಕಾಯಬಾರದು ಎಂದು ಒತ್ತಿ ಹೇಳಿದರು. ನಾನು ಹೂಂಗುಟ್ಟಿದೆ.

ಮುಂದಿನ ಕೆಲವು ತಿಂಗಳು ನಮ್ಮ ಮನೆಯಲ್ಲಿ ಬೆಳಕಿತ್ತು. ಕಣ್ಣಿಗೆ ಹೊತ್ತೊತ್ತಿಗೆ ಔಷಧಿ ಬಿಡುವುದು ನನ್ನ ಕೆಲಸ. ಮೊದಮೊದಲು ಆ ಕಣ್ಣಿಗೆ ಬೆಳಕು ಮಾತ್ರ ಕಾಣುತ್ತಿದ್ದದ್ದು, ಬರಬರುತ್ತಾ ಬಾಗಿಲು, ಆಮೇಲೆ ಬಾಗಿಲಲ್ಲಿ ನಿಂತ ಮಗ. "ಇವ್ನ್ ಮೂಗು ನಿಮ್ಮಪ್ಪಂದೇ ಕಣಮ್ಮಿ, ಈವಾಗ್ ನೋಡ್ದೆ" ಎಂದು ನನ್ನನ್ನು ರೇಗಿಸಿದ ದಿನ ನಾನು ಪಾಯಸ ಮಾಡಿದೆ. ತಟ್ಟೆ ಖಾಲಿಯಾಗತೊಡಗಿತು. ಮಾವ ಟೀ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಪೊರೆ ಹರಿದುಹೋದ ಕಥೆ ಹೇಳಿದರು.

ಹಿಂಗಾರು ಹಿಡಿದುಕೊಂಡಿತು. ಜಡಿಮಳೆಯ ಒಂದು ಬೆಳಿಗ್ಗೆ ಇವರು ಹೊರಗೆ ನಿಂತು, "ಏನಮ್ಮಿ, ಮಂಜು ಇಷ್ಟೊಂದ್ ಬಿದ್ದದೆ" ಎಂದರು. ನಾನು ನೋಡಿದೆ. ಮಳೆಯಿತ್ತು, ಮಂಜಿರಲಿಲ್ಲ. ಎಡಗಣ್ಣು ಮುಚ್ಚಿಕೊಂಡು ಮತ್ತೆ ನೋಡಿದರು. ಒಳಗೆ ಹೋಗಿ ಕೂತರು. ಬಲಗಣ್ಣಿನ ಬಿಳಿಯಲ್ಲಿ ಕೆಂಪು ಎಳೆಗಳು ಎದ್ದಿದ್ದವು.

"ಈಗ್ಲೇ ಓಗನ ನಡೀರಿ" ಎಂದೆ.

"ಪೊರೆನೇ ಓದ್ಮೇಲೆ ಇನ್ನೆಲ್ಲಿ ಮಂಜು ಬತ್ತದವ್ವ?" ಎಂದರು ಮಾವ. "ನನ್ ಕಣ್ಗೂ ತಂಡಿಗೆ ಇಂಗೇ ಆಯ್ತದೆ. ಗುರ್ವಾರ ಬತ್ತದಲ್ಲ, ಓದ್ರಾಯ್ತು."

ತೆಗೆದ ಪೊರೆ ಮತ್ತೆ ಬರುವುದಿಲ್ಲ ಎಂದು ಶಿಬಿರದವರೇ ಹೇಳಿದ್ದರಂತೆ. ಅದು ನಿಜವೇ ಇರಬೇಕು ಎನ್ನಿಸಿ ಸುಮ್ಮನಾದೆವು. ಆದರೆ ದಿನದಿಂದ ದಿನಕ್ಕೆ ಮಂಜು ದಟ್ಟವಾಯಿತು. ಬುಧವಾರ ಸಂಜೆ ಅತ್ತೆ ನಂದಿಬಟ್ಟಲು ನೆನೆಹಾಕಿದ ಲೋಟ ಹಿಡಿದು ಬಂದರು. ಮದುವೆಯಾದಾಗಿನಿಂದ ಅತ್ತೆಗೆ ಎದುರು ಮಾತಾಡಿದವಳಲ್ಲ ನಾನು. ಅವತ್ತು ಲೋಟ ಕಿತ್ತುಕೊಂಡು ಅಂಗಳಕ್ಕೆ ಚೆಲ್ಲಿದೆ.

ಗುರುವಾರ ಮೊದಲ ಬಸ್ಸಿಗೆ ಗುಂಡ್ಲುಪೇಟೆಗೆ ಹೋಗಿ, ಅಲ್ಲಿಂದ ಚಾಮರಾಜನಗರದ ಬಸ್ ಹಿಡಿದೆವು. ಮಾವ ಬರಲಿಲ್ಲ. ತೆರಕಣಾಂಬಿ ದಾಟಿದ ಮೇಲೆ ರಸ್ತೆಗೆ ಹಳ್ಳದ ನೀರು ಬಂದು ಬಸ್ ನಿಂತಿತು. ಜನ ಇಳಿದು ನೀರು ನೋಡುತ್ತಾ ಬೀಡಿ ಸೇದುತ್ತಿದ್ದರೆ ನನಗೆ ಅವರನ್ನೆಲ್ಲ ಬಯ್ಯಬೇಕೆನ್ನಿಸಿತು. ಇವರು ಮಾತ್ರ ಕಿಟಕಿಗೆ ತಲೆ ಆನಿಸಿ, "ಡ್ರೈವರು ಒಳ್ಳೆಯವ್ನೆ. ನುಗ್ಸ್‌ಬಾರ್ದು ಇಂಥಾ ನೀರ್ಗೆ" ಎಂದರು. ಲಾರಿಯ ಮೇಲಿನ ಆಸೆ ಆ ಮಾತಿನಲ್ಲಿ ಪೂರ್ತಿ ಕಾಣುತ್ತಿತ್ತು.

ಡಾಕ್ಟರು ಕಣ್ಣು ನೋಡುತ್ತಿದ್ದಂತೆ ಅವರ ಮುಖ ಬದಲಾಯಿತು. "ಎಷ್ಟು ದಿನ ಆಯ್ತು ಹೀಗಾಗಿ? ಅದೇ ದಿನ ಬನ್ನಿ ಅಂದಿದ್ನಲ್ಲ. ಹಾಕಿರೋ ಕಣ್ಣನ್ನ ಮೈ ಒಪ್ತಾ ಇಲ್ಲ. ಒಳಗಿನ ಪೊರೆ ಇವರದೇ ಉಳಿದಿದ್ರೆ ಈ ಭಯ ಇರ್ತಿರಲಿಲ್ಲ."

ನನಗೆ ಅರ್ಥವಾಗಲಿಲ್ಲ. "ಪೊರೆ ಹೋದ್ರೆ ಒಳ್ಳೇದಲ್ವಾ ಮೇಡಂ?" ಎಂದೆ.

"ಯಾರು ಹೇಳಿದ್ದು?"

"ನಮ್ಮಾವಂಗೆ ತೆಗೆದ್ರಲ್ಲ, ಅದೇ ಪೊರೆ."

ಅವರು ಕೈಯಲ್ಲಿದ್ದ ಟಾರ್ಚನ್ನು ಮೇಜಿನ ಮೇಲಿಟ್ಟರು. ತುಂಬ ನಿಧಾನವಾಗಿ ಕೇಳಿದರು, "ಅವತ್ತು ನಿಮ್ಮ ಮಾವ ಒಳ್ಳೇದಾಯ್ತು ಅಂದದ್ದು, ಅದಕ್ಕಾ?"

ನಾನು ತಲೆಯಾಡಿಸಿದೆ. ಮಾವನಿಗೆ ತೆಗೆದದ್ದು ಕಣ್ಣಿನ ಇನ್ನೂ ಒಳಗೆ ಬೆಳ್ಳಗೆ ಮಾಗಿದ ಮಸೂರವನ್ನು, ಇವರಲ್ಲಿ ಉಳಿಸಬೇಕಿದ್ದದ್ದು ಕಣ್ಣಿನ ಮುಂಭಾಗವನ್ನು ತಿಳಿಯಾಗಿಡುವ ಬೇರೆಯದೇ ತೆಳು ಪದರವನ್ನು ಎಂದು ಆಗ ಬಿಡಿಸಿ ಹೇಳಿದರು. ಎರಡಕ್ಕೂ ಬಾಯಲ್ಲಿ ಒಂದೇ ಹೆಸರು. ಆಮೇಲೆ ಅವರು ಹೇಳಿದ ಮಾತು ನನಗೆ ಇವತ್ತಿಗೂ ಕೇಳಿಸುತ್ತದೆ. "ಇವರದು ಹರಿದ ದಿನ, ಈ ವಿಧಾನಾನೇ ಬಿಟ್ಟುಬಿಡೋಣ ಅಂದ್ಕೊಂಡಿದ್ದೆ. ಅದಕ್ಕೆ ಮುಂಚೆ ಇನ್ನೊಬ್ಬರದೂ ಹರಿದಿತ್ತು. ನಿಮ್ಮ ಮಾವ ಕೈಮುಗಿದು ಕ್ಷಮಿಸಿದ್ರಲ್ಲ ಅಂತ, ಅದೊಂದು ಧೈರ್ಯದ ಮೇಲೆ ಮತ್ತೆ ಮಾಡಿದೆ."

ನನಗೆ ಸಿಟ್ಟು ನೆತ್ತಿಗೇರಿತು. "ಹಂಗಾದ್ರೆ ನಮ್ಮ ಕಣ್ಣಲ್ಲಿ ಕಲಿತ್ರಾ ನೀವು?" ಎಂದುಬಿಟ್ಟೆ.

ಅವರು ಅಲ್ಲ ಎನ್ನಲಿಲ್ಲ. ಮೊದಲೇ ಹೇಳಿದ್ದೆನಲ್ಲ ಎಂದು ತಪ್ಪಿಸಿಕೊಳ್ಳಬಹುದಿತ್ತು, ಅದನ್ನೂ ಮಾಡಲಿಲ್ಲ. ಅಷ್ಟರಲ್ಲಿ ಇವರೇ ಮಾತಾಡಿದರು.

"ಆಮೇಕೆ ಮಾಡುದ್ರಲ್ಲ, ಅವ್ರುದ್ದು ಉಳೀತಾ?"

"ಇಬ್ಬರದು ಉಳೀತು" ಎಂದರು ಡಾಕ್ಟರು.

ಇವರು ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿದರು. "ಈರುಳ್ಳಿ ಒಳ್ಗೆ ಒಂದ್ ತೆಳ್ಳುನ್ ಸಿಪ್ಪೆ ಬತ್ತದಲ್ಲ, ಗಾಜ್ನಂಗೆ. ಅಂಗಾ ಅದು?"

"ಅದಕ್ಕಿಂತಲೂ ತೆಳು."

"ಅದ್ನ ಅರೀದಂಗೆ ಬುಡ್ಸದು ಕಷ್ಟ ಕಣಮ್ಮಿ" ಎಂದರು ನನ್ನ ಕಡೆ ತಿರುಗಿ. ಕ್ಷಮಿಸಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನಂತೂ ಅವತ್ತು ಕ್ಷಮಿಸಿರಲಿಲ್ಲ. ಆದರೆ ಡಾಕ್ಟರು ಕಣ್ಣಿನ ಪಕ್ಕಕ್ಕೆ ಸೂಜಿ ಚುಚ್ಚುವಾಗ ಅವರ ಕೈಯನ್ನೇ ನೋಡುತ್ತಿದ್ದೆ. ಅದು ನಡುಗಲಿಲ್ಲ.

ಗಂಟೆಗೊಮ್ಮೆ ಔಷಧಿ ಬಿಡಬೇಕು, ತಿಳಿಯಾಗುತ್ತದೆಯೋ ಇಲ್ಲವೋ ಈಗಲೇ ಹೇಳಲಾರೆ ಎಂದರು. ತಿರುಗಿ ಬರುವಾಗ ಬಸ್ಸಿನಲ್ಲಿ ಒಂದು ತೀರ್ಮಾನ ಮಾಡಿದೆವು. ಮಾವನಿಗೆ ಹೇಳುವುದು ಬೇಡ. ತಾನು ಕೈಮುಗಿದು ಬೇಡಿಕೊಂಡದ್ದು ಮಗನ ಕಣ್ಣು ಕೆಡುವಂಥದ್ದನ್ನೇ ಎಂದು ತಿಳಿದರೆ ಆ ಜೀವ ತಡೆಯುವುದಿಲ್ಲ.

ಆ ದಿನಗಳಲ್ಲೇ ಇವರ ಕಿವಿ ನನ್ನನ್ನು ಕಾಡಿದ್ದು. ಟೀ ಅಂಗಡಿಯ ಬೆಂಚಿನ ಮೇಲೆ ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೂರುತ್ತಿದ್ದರು. ಲಾರಿ ಬಂದರೆ, "ಕೆಂಪ್ ಲಾರಿ. ಮೂಟೆ ತುಂಬವ್ರೆ" ಎನ್ನುತ್ತಿದ್ದರು. ಸರಿಯಾಗಿಯೇ ಇರುತ್ತಿತ್ತು. ಆದರೆ ಅದು ಕಣ್ಣು ಹೇಳಿದ್ದೋ ಕಿವಿ ಹೇಳಿದ್ದೋ? ನಾನು ಹತ್ತಿರ ಹೋದರೆ ಬಳೆಯ ಸದ್ದಿಗೇ ಗುರುತು ಹಿಡಿಯುತ್ತಿದ್ದರು. ಎಷ್ಟು ಬೆರಳು ಎಂದರೆ ಮೂರು ಎನ್ನುತ್ತಿದ್ದರು, ನಾನು ಯಾವಾಗಲೂ ಮೂರೇ ಹಿಡಿಯುವವಳು ಎಂದು ತಿಳಿದು. ನನ್ನನ್ನು ಸಮಾಧಾನ ಮಾಡಲು ಸುಳ್ಳು ಹೇಳುತ್ತಿದ್ದಾರೆ ಎಂಬ ಅನುಮಾನ ನನಗೆ. ಅವರಿಗೆ, ಸುಳ್ಳು ಸಿಕ್ಕಿಬಿದ್ದರೆ ನಾನು ಕುಸಿಯುತ್ತೇನೆಂಬ ಅನುಮಾನ. ಹೀಗೆ ಒಬ್ಬರನ್ನೊಬ್ಬರು ಕಾಯುತ್ತಾ ದಿನ ಹಾಕಿದೆವು.

ಕೇರಳದ ಘಾಟಿಯನ್ನು ಅವರು ಮತ್ತೆ ಇಳಿಯಲಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ದೊಡ್ಡ ಲಾರಿಯ ಲೈಸೆನ್ಸು ಮತ್ತೆ ಆಗಲಿಲ್ಲ. ಹೊಲಿಗೆ ಬಿಚ್ಚಿ ಕನ್ನಡಕ ಬಂದ ಮೇಲೆ ಸಣ್ಣ ಟೆಂಪೋ ಹಿಡಿದು ಗುಂಡ್ಲುಪೇಟೆಗೂ ನಂಜನಗೂಡಿಗೂ ತರಕಾರಿ ಹೊಡೆದರು. ಡಾಕ್ಟರು ಆಮೇಲೆ ಎಷ್ಟು ಜನರ ಸಿಪ್ಪೆ ಉಳಿಸಿದರೋ, ನಮಗೆ ತಿಳಿಯಲಿಲ್ಲ. ಒಂದು ಗುರುವಾರ ಮಾತ್ರ, ನಾವು ಹೊರಗಿನ ಬೆಂಚಿನಲ್ಲಿ ಕೂತಿದ್ದಾಗ, ಒಳಗೆ ಯಾರಿಗೋ ಅವರು ಹೇಳುತ್ತಿದ್ದದ್ದು ಕೇಳಿಸಿತು. "ಈರುಳ್ಳಿ ಒಳಗೆ ತೆಳ್ಳಗೆ ಒಂದು ಸಿಪ್ಪೆ ಇರುತ್ತಲ್ಲ, ನೋಡಿದೀರಾ?" ಇವರು ನನ್ನ ಮೊಣಕೈ ತಿವಿದರು.

ಆದರೆ ನನಗೆ ಆ ವರ್ಷ ಮುಗಿದದ್ದು ಅದಕ್ಕೂ ಮುಂಚೆ, ಕಾರ್ತಿಕದ ಒಂದು ಬೆಳಿಗ್ಗೆ. ಮಳೆ ಹೊಳವಾಗಿತ್ತು. ಇವರು ಎಂದಿನಂತೆ ಎಡಗಣ್ಣು ಮುಚ್ಚಿ ಬೆಂಚಿನ ಮೇಲೆ ಕೂತಿದ್ದರು, ಪಕ್ಕದಲ್ಲಿ ಮಾವ. ನಾನು ನೀರು ಹೊತ್ತು ಬಂದವಳು ಕೊಡ ಇಳಿಸಿ, ಬಳೆಗಳನ್ನು ಮೊಣಕೈವರೆಗೆ ಏರಿಸಿ ಬಿಗಿಮಾಡಿಕೊಂಡು, ಬರಿಗಾಲಲ್ಲಿ ಸದ್ದಾಗದಂತೆ ಹೋಗಿ ಅವರ ಎದುರು ನಿಂತೆ. ಮಾವನಿಗೆ ಬಾಯಿ ಮೇಲೆ ಬೆರಳಿಟ್ಟು ತೋರಿಸಿದೆ. ಇವರನ್ನು ಏನೂ ಕೇಳಲಿಲ್ಲ. ಬೆರಳೂ ತೋರಿಸಲಿಲ್ಲ. ಇವರು ಸುಮ್ಮನೆ ನನ್ನ ಕಡೆ ಮುಖ ಮಾಡಿದ್ದರು. ಕಾಣಿಸುತ್ತಿದೆಯೋ ಇಲ್ಲವೋ ತಿಳಿಯುವ ಹಾಗಿರಲಿಲ್ಲ.

"ಕುಂಕ್ಮ ಓರೆ ಆಗದೆ ಕಣಮ್ಮಿ" ಎಂದರು. "ಸರಿ ಮಾಡ್ಕ."

ಮಾವ ತೊಡೆ ತಟ್ಟಿಕೊಂಡರು. "ನಾ ಏಳ್ನಿಲ್ವಾ? ಪೊರೆ ಓಗ್ಬುಟ್ರೆ ಕಣ್ಣು ಬಂದೇ ಬತ್ತದೆ ಅಂತ ಅವತ್ತೇ ಏಳ್ನಿಲ್ವಾ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಇವರು ಈಗ ಎರಡೂ ಕಣ್ಣು ಬಿಟ್ಟಿದ್ದರು.

"ಹೂಂ ಮಾವ" ಎಂದೆ. "ಪೊರೆ ಓಗಿದ್ದೇ ಒಳ್ಳೇದಾಯ್ತು."

ಕೊಡ ಎತ್ತಿಕೊಂಡು ಒಳಗೆ ಬಂದೆ. ಕುಂಕುಮವನ್ನು ಸರಿ ಮಾಡಿಕೊಳ್ಳಲಿಲ್ಲ. ಅವತ್ತು ಸಂಜೆಯವರೆಗೂ ಅದು ಓರೆಯಾಗಿಯೇ ಇತ್ತು.